ಬೀಗದೊಳಗಿನ ಪುಂಪೊಕೋಲ್

ಪುಣೆಯ ಖರಾಡಿಯ ಆ ಫ್ಲ್ಯಾಟಿನಲ್ಲಿ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದವಳು ಕೆಟ್ಟವಳಲ್ಲ. ಹಾಕುವ ಮುಂಚೆ ಪ್ರತಿಸಲವೂ ‘ಸಾರಿ’ ಅನ್ನುತ್ತಿದ್ದಳು. ಅವಳ ಮಾವ ಧಾರವಾಡದ ಕಡೆಯವರು, ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಒಮ್ಮೆ ಯಾರಿಗೂ ಹೇಳದೆ ಲಿಫ್ಟಿನಲ್ಲಿ ಇಳಿದು ಹೋಗಿ ಸಂಜೆ ಹೊತ್ತಿಗೆ ಹೆದ್ದಾರಿಯ ಸೇತುವೆಯ ಮೇಲೆ ಸಿಕ್ಕಿದ್ದರಂತೆ. ಮನೆ ಯಾವುದು ಎಂದು ಕೇಳಿದರೆ, ಎಲ್ಲ ಕಟ್ಟಡಗಳೂ ಒಂದೇ ಥರ ಇವೆಯಲ್ಲ ಎಂದಿದ್ದರಂತೆ. ಅಂದಿನಿಂದ ಬೀಗ.

“ನೀವಿದ್ರೂ ಹಾಕ್ಲೇಬೇಕು ಮೇಡಂ,” ಎಂದು ಸೊಸೆ ಮೊದಲ ದಿನವೇ ತನ್ನ ಬೆಂಗಳೂರು ಕನ್ನಡದಲ್ಲಿ ಹೇಳಿದಳು. “ನೀವು ಅಡುಗೆಮನೇಲಿದ್ದಾಗ ಹೊರಟುಬಿಟ್ರೆ, ನಾನು ಆಫೀಸಲ್ಲಿ ಕೂತ್ಕೊಂಡು ಏನ್ ಮಾಡ್ಲಿ?” ಒಳಗೊಂದು ಕೀಲಿಕೈ ಕೊಟ್ಟರಾಗದೇ ಎಂದು ಕೇಳಿದೆ. ಎಲ್ಲಿಟ್ಟರೂ ಹುಡುಕಿ ತೆಗೆಯುತ್ತಾರೆ ಎಂದಳು. ಅವಳ ಆಫೀಸು ಅಲ್ಲೇ ಪಕ್ಕದ ಐಟಿ ಪಾರ್ಕಿನಲ್ಲಿತ್ತು. ನಾಲ್ಕಕ್ಕೆ ಬಂದು ಬೀಗ ತೆಗೆದು ಉಳಿದ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಗಂಡ ತಿಂಗಳಲ್ಲಿ ಹೆಚ್ಚಿನ ದಿನ ಪರ ಊರಿನಲ್ಲಿರುತ್ತಿದ್ದ. ಅವಳಿಗೂ ಬೇರೆ ದಾರಿಯಿರಲಿಲ್ಲ.

ನನಗೂ ಇರಲಿಲ್ಲ. ನಮ್ಮದು ವಿಜಯಪುರದಿಂದ ಬಂದು ಪುಣೆಯಲ್ಲಿ ಅರಿವೆ ಅಂಗಡಿ ಇಟ್ಟವರ ಮನೆ. ಕಾಲೇಜಿನಲ್ಲಿ ಗೆಳತಿಯ ಹಿಂದೆ ಹೋಗಿ ರಷ್ಯನ್ ಕಲಿತೆ. ಅದೇ ಅನ್ನವಾಯಿತು. ಚಾಕಣದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುತ್ತ ವರ್ಷಗಳು ಕಳೆದವು. ರಷ್ಯದ ಜೊತೆಗಿನ ವ್ಯವಹಾರ ನಿಂತಾಗ ನನ್ನ ಕುರ್ಚಿಯೂ ಹೋಯಿತು. ತಳೇಗಾಂವ ದಾಭಾಡೆಯ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ ಪರಿಚಯದವರೊಬ್ಬರು, ಖರಾಡಿಯಲ್ಲಿ ಒಬ್ಬ ಹಿರಿಯರಿಗೆ ರಷ್ಯನ್ ಓದಿ ಹೇಳುವವರು ಬೇಕಂತೆ ಎಂದರು. ಲೋಕಲ್ ರೈಲು ಹಿಡಿದು, ಆಮೇಲೆ ಬಸ್ಸು ಹಿಡಿದು ಹೋದೆ. ವಾರಕ್ಕೆ ಎರಡು ದಿನ ಹೋಗುವುದು ಎಂದಾಯಿತು.

ಓದಬೇಕಾಗಿದ್ದದ್ದು ಸೈಬೀರಿಯದ ಯೆನಿಸೇಯ್ ನದಿಯ ಆಸುಪಾಸಿನ ಒಂದು ಭಾಷಾಕುಟುಂಬದ ಬಗ್ಗೆ. ಅದರಲ್ಲಿ ಇವತ್ತಿಗೆ ಉಳಿದದ್ದು ಕೇಟ್ ಒಂದೇ, ಅದನ್ನಾಡುವವರೂ ಬೆರಳೆಣಿಕೆಯ ಮುದುಕರು. ಅದಕ್ಕೆ ತೀರ ಹತ್ತಿರದ ಯೂಗ್ ಭಾಷೆ ನಮ್ಮ ತಂದೆತಾಯಿಯ ಕಾಲದಲ್ಲಿ ಆರಿತು. ಕೋಟ್ ಅದಕ್ಕೂ ಮೊದಲೇ ಹೋಗಿತ್ತು. ಆರಿನ್, ಅಸ್ಸಾನ್, ಪುಂಪೊಕೋಲ್ ಎಂಬ ಮೂರು ಇನ್ನೂ ಹಿಂದೆ, ತ್ಸಾರ್ ದೊರೆಗಳ ಕಾಲದಲ್ಲೇ ಮುಗಿದವು. ಪುಂಪೊಕೋಲ್‌ನಲ್ಲಂತೂ ಒಂದು ಹಾಡಿಲ್ಲ, ಕತೆಯಿಲ್ಲ, ಸರಿಯಾದ ಒಂದು ವಾಕ್ಯ ಕೂಡ ಇಲ್ಲ. ದಾರಿಹೋಕ ಪಂಡಿತರು ನಿಂತ ನಿಲುವಿನಲ್ಲಿ ಕೇಳಿ ಬರೆದುಕೊಂಡ ಕೆಲವು ಮಾತುಗಳಿವೆ, ಅಷ್ಟೇ.

ಮೇಷ್ಟ್ರು ಹಿಡಿದದ್ದು ಆ ಪುಂಪೊಕೋಲನ್ನೇ. ಅದಕ್ಕೂ ಕನ್ನಡಕ್ಕೂ ಎಂದೋ ನಂಟಿತ್ತು ಎಂದು ಅವರು ತರುಣರಾಗಿದ್ದಾಗಲೇ ನಂಬಿದ್ದರು. ಸಹೋದ್ಯೋಗಿಗಳು ನಕ್ಕರು. ನಕ್ಕಷ್ಟೂ ಇವರು ಗಟ್ಟಿಯಾದರು. ಯಾವುದೋ ಹಳೆಯ ಮರುಮುದ್ರಣದಿಂದ ಎತ್ತಿಕೊಂಡ ‘ಉರ್’ ಎಂಬ ಮಾತು ಅವರಿಗೆ ಪ್ರಾಣ. ಉರ್ ಅಂದರೆ ನೀರು. “ಬಾಯಾಗ ನೀರು ಊರ್ತದ ಅಂತೀವಿಲ್ಲೊ, ಬಾವ್ಯಾಗ ನೀರು ಊರ್ತದ,” ಎಂದು ಮೊದಲ ದಿನ ನನಗೆ ಹೇಳುವಾಗ ಅವರ ಮುಖ ಅರಳಿತ್ತು. “ಇದು ಸುಮ್ಮನ ಬಂದದ್ದಲ್ಲ ನೋಡ್ವಾ.” ಪುಸ್ತಕ ಮುಕ್ಕಾಲು ಬರೆದಾಗಿತ್ತು. ರಷ್ಯನ್ ವಿದ್ವಾಂಸರ ಲೇಖನಗಳಿಂದ ಅದಕ್ಕೆ ಬಲ ತುಂಬುವುದು ನನ್ನ ಕೆಲಸ.

ಬೀಗ ಬಿದ್ದ ಸದ್ದಾದ ಮೇಲೆ ಮನೆ ಒಂದು ಥರ ಬಿಗಿದುಕೊಳ್ಳುತ್ತಿತ್ತು. ಬಾಲ್ಕನಿಗೆ ಪಾರಿವಾಳ ಬಾರದ ಹಾಗೆ ಬಲೆ ಕಟ್ಟಿಸಿದ್ದರು. ಬಲೆಯಾಚೆ ಕಟ್ಟುತ್ತಿದ್ದ ಇನ್ನೊಂದು ಟವರು. ಅಲ್ಲಿ ದುಡಿಯುವವರು ಕಲಬುರಗಿ, ಯಾದಗಿರಿ ಕಡೆಯವರೆಂದು ನನಗೆ ಗೊತ್ತಿತ್ತು, ಬಸ್ ಸ್ಟಾಪಿನಲ್ಲಿ ಅವರ ಮಾತು ಕೇಳಿದ್ದೆ. ಅಷ್ಟು ಮೇಲಕ್ಕೆ ಅವರ ಮಾತು ಬರುತ್ತಿರಲಿಲ್ಲ, ಕಬ್ಬಿಣ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಮೇಷ್ಟ್ರು ಹೇಳಿದ್ದನ್ನು ಬರೆದುಕೊಳ್ಳುತ್ತ ನಾನು ಪದೇಪದೇ ಬಾಗಿಲ ಕಡೆ ನೋಡುತ್ತಿದ್ದೆ. ಈಗ ಬೆಂಕಿ ಬಿದ್ದರೆ, ಈಗ ಇವರಿಗೇನಾದರೂ ಆದರೆ ಎಂದು ಮನಸ್ಸು ಅದೇ ಜಾಗದಲ್ಲಿ ಸುತ್ತುತ್ತಿತ್ತು. ಅವರು ಮಾತ್ರ ಒಂದು ದಿನವೂ ಬಾಗಿಲಿನ ಮಾತೆತ್ತಲಿಲ್ಲ.

ಹೀಗಿರುವಾಗ ಒಂದು ಲೇಖನ ಸಿಕ್ಕಿತು. ಪುಂಪೊಕೋಲ್ ಎಂದು ಹಿಂದಿನವರು ಅಚ್ಚು ಹಾಕಿಸಿದ್ದರಲ್ಲಿ ಒಂದು ಪಾಲು ಪುಂಪೊಕೋಲ್ ಅಲ್ಲವೇ ಅಲ್ಲ, ಯೂಗ್ ಜನರ ಮಾತು, ಎರಡೂ ಬೆರೆತುಹೋಗಿವೆ ಎಂದು ಅದರಲ್ಲಿತ್ತು. ಆ ಹೆಸರಿನ ಒಂದು ರಷ್ಯನ್ ಸರ್ಕಾರಿ ಠಾಣೆಗೆ ತುಪ್ಪಳದ ಕಂದಾಯ ಕಟ್ಟಲು ಬರುತ್ತಿದ್ದವರೆಲ್ಲರನ್ನೂ ಅಧಿಕಾರಿಗಳು ಅದೇ ಹೆಸರಿನಿಂದ ಕರೆದಿರಬೇಕು. ಉರ್ ಎಂಬುದು ಯೂಗ್. ನಿಜವಾದ ಪುಂಪೊಕೋಲ್‌ನಲ್ಲಿ ನೀರಿಗೆ ‘ಉಲ್’.

ತಿರುಗಿ ತಿರುಗಿ ಓದಿದೆ. ತಪ್ಪು ಓದಿರಲಿಲ್ಲ. ಹೇಳಬೇಕೆಂದುಕೊಂಡು ಹೋಗಿ ಬೇರೇನೋ ಓದಿ ಬಂದೆ. ಹೇಳಿದರೆ ಆ ಮುದುಕರ ಕೈಯಲ್ಲಿ ಏನು ಉಳಿಯುತ್ತದೆ? ಹೇಳದಿದ್ದರೆ ಸುಳ್ಳಿಗೆ ನಾನೇ ನೀರೆರೆದ ಹಾಗೆ. ಇದನ್ನು ನನ್ನ ಗಂಡನ ಹತ್ತಿರ ಹೇಳಿಕೊಂಡಾಗ, ಸತ್ತುಹೋದ ಭಾಷೆ, ಯಾರಿಗೇನು ನಷ್ಟ, ಸುಮ್ಮನಿರು ಎಂದ. ಸುಮ್ಮನಿರಲು ಆಗಲಿಲ್ಲ.

ಮುಂದಿನ ಸಲ ಬೀಗ ಬಿದ್ದ ಕೂಡಲೇ, ಧೈರ್ಯ ಕರಗುವ ಮುಂಚೆ, ಆ ಪುಟವನ್ನು ಓದಿ ಕನ್ನಡದಲ್ಲಿ ಹೇಳಿಬಿಟ್ಟೆ. ಮೇಷ್ಟ್ರು ಕೇಳಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

“ನೀವು ಇನ್ನ ಬರೂದು ಬ್ಯಾಡ್ರಿ,” ಅಂದರು. ಅಲ್ಲಿಯವರೆಗೆ ಅವರು ನನ್ನನ್ನು ‘ರೀ’ ಹಚ್ಚಿ ಮಾತಾಡಿಸಿದವರಲ್ಲ. “ಈಗ ಹೋಗ್ರಿ.”

ನಾನು ಚೀಲ ಎತ್ತಿಕೊಂಡು ಬಾಗಿಲತನಕ ಹೋದೆ. ಹಿಡಿಕೆ ಮುಟ್ಟಿದ ಮೇಲೆ ನೆನಪಾಯಿತು.

“ಹೊರಗಿಂದ ಕೀಲಿ ಹಾಕ್ಯಾರ್ರಿ ಸರ್.”

ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಹೊರಬಾಗಿಲಿಗೆ ಒಂದು ಬೀಗ, ಅದರೊಳಗೆ ಈ ಇನ್ನೊಂದು ಬಾಗಿಲು. ಸೊಸೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೇನೆ ಎಂದು ಸಂದೇಶ ಬಂತು. ಸೋಫಾದ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ, ಬಸ್ಸಿಗೆ ಕಾಯುವವಳ ಹಾಗೆ. ಕೋಣೆಯಿಂದ ಸದ್ದಿಲ್ಲ. ಹೆದರಿಕೆಯಾಗಿ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಕೆಮ್ಮಿದರು. ಮತ್ತೆ ಬಂದು ಕೂತೆ. ಸಿಟ್ಟು ಬಂತು, ಅವರ ಮೇಲಲ್ಲ, ಸೊಸೆಯ ಮೇಲೂ ಅಲ್ಲ. ಇಷ್ಟು ಓದಿ, ಇಷ್ಟು ವರ್ಷ ದುಡಿದು, ಹೋಗು ಅಂದ ಮನೆಯಿಂದ ಎದ್ದು ಹೋಗಲೂ ಆಗದಂತೆ ಕೂತಿದ್ದೇನಲ್ಲ ಎಂದು.

ಊಟದ ಹೊತ್ತು ಮೀರಿತು. ಅವರ ಮಾತ್ರೆ ಊಟದ ಮೇಲೆ ತೆಗೆದುಕೊಳ್ಳುವಂಥದ್ದು. ಎದ್ದು ಪಲ್ಯ ಬಿಸಿಮಾಡಿದೆ, ಡಬ್ಬಿಯಲ್ಲಿದ್ದ ಜೋಳದ ರೊಟ್ಟಿ ತಟ್ಟೆಗೆ ಹಾಕಿ ಮೇಜಿನ ಮೇಲಿಟ್ಟು, ಬಾಗಿಲು ತಟ್ಟಿ ಬಂದೆ. ಸ್ವಲ್ಪ ಹೊತ್ತಿಗೆ ಬಂದು ಕೂತರು. ನಾನು ನನ್ನ ಬುತ್ತಿ ಬಿಚ್ಚಿದೆ. ಎದುರುಬದುರು ಕೂತು ಉಂಡೆವು. ಎದುರಿನ ಟವರಿನಲ್ಲೂ ಬಡಿತ ನಿಂತಿತ್ತು, ಅವರಿಗೂ ಊಟದ ಬಿಡುವು.

ಕೈ ತೊಳೆದು ಬಂದ ಮೇಲೆ ಮೇಷ್ಟ್ರು ಕೇಳಿದರು. “ಬರದಾಂವ ಗಟ್ಟಿ ಮನಷ್ಯಾ ಏನ್?”

ಹೌದು, ಯೂಗ್ ಜನರ ನಡುವೆಯೇ ಓಡಾಡಿ ಕೇಳಿದವರ ಬರಹಗಳನ್ನು ಇಟ್ಟುಕೊಂಡೇ ಬರೆದಿದ್ದಾನೆ ಎಂದೆ.

“ಇನ್ನೊಮ್ಮೆ ಓದ್ರಿ. ರಷ್ಯನ್ನೂ ಓದ್ರಿ, ನನಗ ತಿಳೀದಿದ್ರೂ ಪರವಾಗಿಲ್ಲ.”

ಓದಿದೆ. ಒಂದೊಂದು ಮಾತಿಗೂ ನಿಲ್ಲಿಸಿ, ಇದು ಯಾರದು ಎಂದು ಕೇಳಿದರು. ಯೂಗ್ ಎಂದಾಗಲೆಲ್ಲ ತಲೆಯಾಡಿಸಿದರು. ಒಂದು ಸಲವೂ ವಾದ ಮಾಡಲಿಲ್ಲ. ಮುಗಿದಾಗ ಕನ್ನಡಕ್ಕೆ ತಾಗುವಂಥದ್ದು ಏನೂ ಉಳಿದಿರಲಿಲ್ಲ.

“ಅವ್ರು ನಕ್ಕದ್ದು ಖರೇ ಆತಲ್ಲ,” ಅಂದರು. ಕಣ್ಣು ಒದ್ದೆಯಾಗಿತ್ತು. ಅವರು ನಕ್ಕದ್ದು ಈ ಲೇಖನ ಓದಿ ಅಲ್ಲವಲ್ಲ ಸರ್ ಎಂದೆ.

ನಾಲ್ಕಕ್ಕೆ ಸೊಸೆ ಬಂದಳು. ಫೋನ್ ಎತ್ತಲಾಗಲಿಲ್ಲ, ಏನಾಗಿತ್ತು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, ಏನಿಲ್ಲ, ಕೆಲಸ ಜಾಸ್ತಿ ಅದ, ಇವರು ಮುಂದಿನ ವಾರನೂ ಬರಬೇಕು ಎಂದರು.

ಪುಸ್ತಕ ಪುಸ್ತಕವಾಗಲಿಲ್ಲ. ಆ ಮಳೆಗಾಲವಿಡೀ ನಾವು ಬೀಗದೊಳಗೆ ಕೂತು ಒಂದು ಸಣ್ಣ ಬರಹ ಮಾಡಿದೆವು. ಯೆನಿಸೇಯ್ ಭಾಷೆಗಳು ಯಾವುವು, ಹೇಗೆ ಹೋದವು, ಯಾರ ಮಾತು ಯಾರ ಹೆಸರಿನಲ್ಲಿ ಸೇರಿಕೊಂಡಿತು ಎಂದಷ್ಟೇ ಅದರಲ್ಲಿತ್ತು. ತಾವು ಏನನ್ನು ನಂಬಿದ್ದರು, ಅದು ಏಕೆ ನಿಲ್ಲುವುದಿಲ್ಲ ಎಂದು ಕೊನೆಯಲ್ಲಿ ತಾವೇ ಹೇಳಿ ಬರೆಸಿದರು. ಒಂದು ಸಣ್ಣ ಪತ್ರಿಕೆ ಅದನ್ನು ಹಾಕಿಕೊಂಡಿತು. ಯಾರೂ ನಗಲಿಲ್ಲ. ಯಾರೂ ಓದಿದ ಹಾಗೂ ಕಾಣಲಿಲ್ಲ.

ಈಗ ಅವರ ಕುಟುಂಬ ಬೆಂಗಳೂರಿಗೆ ಹೋಗಿದೆ. ನಾನು ತಳೇಗಾಂವದ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸಿಕ್ಕ ಅನುವಾದ ಮಾಡುತ್ತೇನೆ, ಎಷ್ಟೋ ದಿನ ಹೊಸ್ತಿಲು ದಾಟುವುದಿಲ್ಲ. ಮೇಷ್ಟ್ರು ಆಗಾಗ ಫೋನ್ ಮಾಡುತ್ತಾರೆ. ಈಚೆಗೆ ರಷ್ಯನ್ ಅಕ್ಷರ ಕಲಿಯಲು ಶುರುಮಾಡಿದ್ದಾರೆ, ಇನ್ನೊಬ್ಬರ ಬಾಯಿಂದ ಎಷ್ಟು ದಿನ ಕೇಳುವುದು ಎಂದು. ಹೋದ ವಾರ ಒಂದು ಸ್ವರದ ಹತ್ತಿರ ನಿಂತುಬಿಟ್ಟರು. ಅದು ‘ಇ’ಯೂ ಅಲ್ಲ, ‘ಉ’ವೂ ಅಲ್ಲ.

“ಇದು ಗಂಟಲದಾಗ ಸಿಕ್ಕೊಳ್ತದ ನೋಡ್ವಾ,” ಅಂದರು.

ನಾಲಿಗೆ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿರಿ ಎಂದೆ. ಎಳೆದುಕೊಂಡು ಮತ್ತೆ ಅಂದರು. ಇನ್ನೂ ಸರಿಯಾಗಿ ಬಂದಿಲ್ಲ.