ಗೋಡೆಯ ಸುಳಿ

ಗೋಕಾಕದ ಹೊಳೆಯ ಬದಿಯ ಓಣಿಗೆ ಹೋಗಿ ಸಂಘಮಿತ್ರಾ ಅವರ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾರೆ. ತಕ್ಕಡಿ ಅಕ್ಕಾರ ಮನೆ ಎಂದು ಕೇಳಿ ನೋಡಿ, ಹೂ ಮಾರುವವಳು ಬುಟ್ಟಿ ಇಳಿಸಿಟ್ಟು ಬಾಗಿಲವರೆಗೆ ಬಂದು ತೋರಿಸುತ್ತಾಳೆ.

ಆ ಹೆಸರು ಬಂದದ್ದು ಮಮದಾಪುರದಿಂದ. ಹದಿನೆಂಟು ವರ್ಷ ಅಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಕೂಸುಗಳ ತೂಕ ಬರೆದವಳು ಆಕೆ. ಒಮ್ಮೆ ಕರೆವ್ವ ಎಂಬ ಬಾಣಂತಿ ಕೈ ಹಿಡಿದುಕೊಂಡು ಬೇಡಿದಳು. "ಅಕ್ಕಾರ, ಪಾವಕಿಲೋ ಜಾಸ್ತಿ ಬರೀರಿ. ಇಲ್ಲಂದ್ರ ನಮ್ಮ ಅತ್ತಿ ನನ್ನ ಬೈತಾಳ್ರಿ."

"ನಾ ಬರದ್ರ ಕೂಸು ದಪ್ಪ ಆಕ್ಕೈತೇನ? ನಿಮ್ಮ ಅತ್ತೀನ ಕಳಸ ಇತ್ತಾಗ, ಆಕೀನ್ನೂ ಜೋಳಿಗ್ಯಾಗ ಹಾಕಿ ತೂಗತೇನಿ."

ಇದ್ದಷ್ಟೇ ಬರೆದಳು. ಸಂಜೆ ಅವರ ಮನೆಗೇ ಹೋಗಿ, ಬಾಣಂತಿಗೆ ತತ್ತಿ, ಹಾಲು ಕೊಡಬೇಕೆಂದು ಅತ್ತೆಯ ಜೊತೆ ಒಂದು ತಾಸು ಜಗಳಾಡಿ ಬಂದಳು. ಅಂದಿನಿಂದ ಆಕೆ ತಕ್ಕಡಿ ಅಕ್ಕಾರು. ಮೇಲೆ ಮೇಲೆ ಸಿಟ್ಟು ಮಾಡಿದರೂ ಒಳಗೊಳಗೆ ಆ ಹೆಸರು ಆಕೆಗೆ ಹಿತವಾಗಿತ್ತು.

ಹೋದ ವರ್ಷ ಆಕೆಗೆ ಹುಕ್ಕೇರಿ ತಾಲೂಕಿನ ದಡ್ಡಿಗೆ ವರ್ಗವಾಯಿತು. ಗಂಡ ಕಿಶೋರನ ಗ್ಯಾರೇಜು ಹುಕ್ಕೇರಿಯಲ್ಲೇ ಇತ್ತು. ಗಂಡ ಹೆಂಡತಿ ಇಬ್ಬರೂ ದಿನಾ ಬಸ್ಸು ಹತ್ತಿ ಇಳಿದು ಸಾಕಾಗಿ, ಗೋಕಾಕದ ಮನೆ ಮಾರಿ ಹುಕ್ಕೇರಿಯಲ್ಲಿ ಒಂದು ಮನೆ ಕೊಳ್ಳುವುದೆಂದು ನಿಶ್ಚಯಿಸಿದರು. ಅಲ್ಲಿ ಮನೆಯೂ ಸಿಕ್ಕಿತು. ಅದರ ಮಾಲೀಕ, "ದಸರಾತನಾ ಕಾಯ್ತೇನಿ, ಮುಂದ ಬ್ಯಾರೇದವರಿಗೆ ಕೊಡ್ತೇನಿ" ಅಂದ.

ಮನೆ ಮಾರಿಕೊಡಲು ಒಪ್ಪಿದವರು ಶಮಶೇರ ಚಾಚಾ. ಅವರು ಮೂವತ್ತು ವರ್ಷ ದನದ ಪೇಟೆಯಲ್ಲಿ ಎತ್ತು ಕೊಡಿಸಿದವರು. ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದ ಮೇಲೆ ಮನೆ, ಜಾಗ ಕೊಡಿಸುವುದಕ್ಕೆ ಇಳಿದಿದ್ದರು. ದಂಧೆ ಬದಲಾಗಿತ್ತು, ಮಾತು ಬದಲಾಗಿರಲಿಲ್ಲ. ಗೋಡೆಯನ್ನು ಅಂಗೈಯಿಂದ ಬಡಿದು, "ಮೈಕಟ್ಟು ಗಟ್ಟಿ ಐತಿ" ಅನ್ನುವರು. ಹೊಸ್ತಿಲು ದಾಟುವಾಗ ಬಗ್ಗಿ, "ಕಾಲು ಸುದ್ದ ಅದಾವ" ಅನ್ನುವರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿ ಕೆಟ್ಟದಾಗಿದ್ದರೆ ಕೊಳ್ಳುವವನಿಗೆ ಮೊದಲು ಅದನ್ನೇ ತೋರಿಸುವುದು ಅವರ ರೂಢಿ. ಈ ಮನೆಗೂ ಒಂದು ಸುಳಿ ಇತ್ತು.

ಮಹಾಪೂರ ಬಂದ ವರ್ಷ ಹೊಳೆ ಓಣಿಗೆ ನುಗ್ಗಿ, ಈ ಮನೆಯ ಪಡಸಾಲೆಯಲ್ಲಿ ಐದು ದಿನ ನಿಂತಿತ್ತು. ನೀರು ಇಳಿದ ಮೇಲೆ ನಾಲ್ಕೂ ಗೋಡೆಯ ಮೇಲೆ, ಸಂಘಮಿತ್ರಾಳ ಎದೆಮಟ್ಟಕ್ಕೆ, ಛಾದ ಬಣ್ಣದ ಒಂದು ಗೆರೆ ಉಳಿಯಿತು. ಎರಡು ಸಲ ಸುಣ್ಣ ಬಳಿದರೂ ಅದು ಮತ್ತೆ ಹೊರಗೆ ಬಂತು. ಕೂಸುಗಳ ತಲೆಯ ಸುತ್ತಳತೆ ತೆಗೆಯುವ ಟೇಪು ಹಿಡಿದು ಆಕೆಯೇ ಅಳೆದಿದ್ದಳು: ನಾಲ್ಕು ಅಡಿ ಎರಡು ಇಂಚು.

ಯಾರೇ ಮನೆ ನೋಡಲು ಬರಲಿ, ಚಾಚಾ ಅವರನ್ನು ನೇರವಾಗಿ ಆ ಗೆರೆಯ ಮುಂದೆ ನಿಲ್ಲಿಸುವರು. "ಇದು ಇದರ ಸುಳಿ. ನೋಡ್ರಿ. ಮನಸ ಒಪ್ಪಿದ್ರ ಮುಂದ ಅಡಗಿಮನಿ ತೋರಸ್ತೇನಿ."

ಹನ್ನೊಂದು ತಿಂಗಳಲ್ಲಿ ಒಂಬತ್ತು ಮಂದಿ ಬಂದರು. ಅಡಿಗೆಮನೆಯವರೆಗೆ ಹೋದವರು ಇಬ್ಬರೇ.

"ಚಾಚಾ, ಮೊದಲ ಛಲೋದು ತೋರಸ್ರಿ, ಆಮ್ಯಾಲ ಅದನ್ನ ಹೇಳ್ರಿ" ಎಂದು ಆಕೆ ಒಂದು ದಿನ ಅಂದಳು.

"ಆಮ್ಯಾಲ ಹೇಳಿದ್ರ ಮುಚ್ಚಿಟ್ಟಿದ್ದ ಅಂತಾರವ್ವಾ. ಮಾರಿದ ಮರುದಿನಾನೂ ನಾ ಇದs ಪ್ಯಾಟ್ಯಾಗ ಅಡ್ಡಾಡಬೇಕಲ್ಲ."

ದಸರೆಗೆ ಒಂದೂವರೆ ತಿಂಗಳು ಉಳಿದಾಗ ಕಿಶೋರ ಮಹಾಂತೇಶ ಎಂಬ ಏಜೆಂಟನನ್ನು ಕರೆದುಕೊಂಡು ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಆಫೀಸು ಇಟ್ಟವನು. ಮನೆಯ ವಿಡಿಯೋ ಮಾಡಿ ಮೊಬೈಲಿನಲ್ಲಿ ಊರೆಲ್ಲ ಹಂಚುವವನು. ಅವನು ಗೆರೆ ನೋಡಿ ನಕ್ಕ.

"ಇದನ್ನ ಮುಚ್ಚೂದು ಬ್ಯಾಡ್ರಿ ಅಕ್ಕಾರ, ಮುಚ್ಚಿದ್ರ ಮತ್ತ ಎದ್ದ ಬರ್ತೈತಿ. ಇದನ್ನs ಡಿಸೈನ್ ಮಾಡೂಣು. ಕೆಳಗ ಡಾರ್ಕ್ ಬಣ್ಣ, ಮ್ಯಾಲ ಕೆನಿಬಣ್ಣ, ನಡು ಗೆರಿ ಇದ್ದಲ್ಲೆ ಒಂದ ಬಾರ್ಡರ್. ಯಾರಪ್ಪಗೂ ತಿಳ್ಯಾಂಗಿಲ್ಲ. ಆದ್ರ ಏಜೆಂಟ ಒಬ್ಬನs ಇರಬೇಕ್ರಿ. ಆ ಮುದುಕಗ ಬ್ಯಾಡ ಅಂತ ಹೇಳಿಬಿಡ್ರಿ."

ಮೂರು ದಿನ ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಲ್ಕನೆಯ ದಿನ ದಡ್ಡಿಯಿಂದ ಬರುವ ಬಸ್ಸಿನಲ್ಲಿ ನಿಂತೇ ಬಂದಳು. ಮನೆಗೆ ಬಂದು ಚಪ್ಪಲಿ ಬಿಡುತ್ತ, "ಬಣ್ಣದಂವಗ ಹೇಳ್ರಿ" ಅಂದಳು.

ಚಾಚಾಗೆ ಹೇಳುವುದು ಉಳಿಯಿತು. ಬೇರೆ ಏಜೆಂಟನನ್ನು ಹಿಡಿದೆವು ಎಂಬ ಮೂರು ಶಬ್ದವನ್ನು ಬಾಯಲ್ಲಿ ಹೊಂದಿಸಿಕೊಂಡೇ ಫೋನು ಮಾಡಿದಳು. ಅತ್ತ ಕಡೆಯಿಂದ, "ಹೇಳವ್ವಾ ಬೇಟಿ, ಆರಾಮದೀಯಿಲ್ಲ? ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಸಿಗತೈತಿ?" ಎಂಬ ದನಿ ಬಂತು. ಆಕೆಯ ಬಾಯಿಂದ ಬಂದದ್ದು ಬೇರೆಯೇ ಮಾತು. "ಚಾಚಾ, ಮನಿ ಮಾರೂದು ಸದ್ಯಾಕ ಬಿಟ್ಟೇವ್ರಿ."

"ಛಲೋ ಆತು ಬಿಡವ್ವಾ. ಇದ್ದ ಮನ್ಯಾಗ ಸುಖದಿಂದ ಇರ್ರಿ."

ಫೋನು ಇಟ್ಟ ಮೇಲೆ ಕಿಶೋರ ಚುಡಾಯಿಸಿದ. "ಏನವಾ ತಕ್ಕಡಿ ಅಕ್ಕಾ, ತೂಕ ಸರಿ ಬಂತೇನು?" ಆಕೆ ಒಳಗೆ ಹೋಗಿ, ತಿಕ್ಕಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು.

ಬಣ್ಣ ಚಂದ ಬಂತು. ಕೆಳಗೆ ನವಿಲು ಬಣ್ಣ, ಮೇಲೆ ಕೆನೆ, ನಡುವೆ ಬೆರಳಗಲದ ಬಂಗಾರದ ಬಾರ್ಡರ್. ಬುದ್ಧನ ಫೋಟೋವನ್ನು ಮತ್ತೆ ತೂಗುಹಾಕುವಾಗ ಮಾತ್ರ ಆಕೆ ಬಾರ್ಡರಿನ ಕಡೆ ನೋಡಲಿಲ್ಲ.

ಹತ್ತು ದಿನಕ್ಕೆ ಮಹಾಂತೇಶ ಗಿರಾಕಿ ತಂದ. ಮೂಡಲಗಿಯಲ್ಲಿ ಬೇಕರಿ ಇಟ್ಟ ಅಖ್ತರ ಮತ್ತು ಅವನ ಹೆಂಡತಿ ಸಾಹಿರಾ. ಗೋಕಾಕದಲ್ಲಿ ಎರಡನೆಯ ಅಂಗಡಿ ತೆಗೆಯುವವರಿದ್ದರು. ಸಾಹಿರಾ ಒಳಗೆ ಕಾಲಿಟ್ಟವಳೇ ಕಣ್ಣರಳಿಸಿದಳು. "ಅಯ್ಯ, ನೀವು ಮಮದಾಪುರದ ತಕ್ಕಡಿ ಅಕ್ಕಾರಲ್ಲೇನ್ರಿ? ನಮ್ಮ ತಂಗಿ ಮಗಳ ತೂಕಾ ಬರದವರು ನೀವs. ನಿಮ್ಮ ಮನಿ ಅಂದಮ್ಯಾಲ ನಾವು ಮತ್ತೇನ ಕೇಳೂದೈತಿ?"

ಆಮೇಲೆ ಗೋಡೆಯ ಹತ್ತಿರ ಹೋಗಿ ಬಾರ್ಡರಿನ ಮೇಲೆ ಬೆರಳಾಡಿಸಿದಳು. "ಎಷ್ಟ ಚಂದ ಮಾಡಿಸೀರಿ! ಇಳಕಲ್ ಸೀರಿ ಅಂಚಿನಂಗ ಐತಿ."

ಮಹಾಂತೇಶ ಸಂಘಮಿತ್ರಾಳ ಕಡೆ ನೋಡಿ ಹುಬ್ಬು ಹಾರಿಸಿದ. ಆಕೆ ಮುಖ ಆ ಕಡೆ ತಿರುಗಿಸಿದಳು.

"ಕರಾರಿಗೆ ಮೊದಲ ನಮ್ಮ ಹಿರಿಯಾರೊಬ್ರು ನೋಡ್ಲಿ ಅಂತ ಕರ್ಕೊಂಡ ಬಂದೇವ್ರಿ" ಅಂದ ಅಖ್ತರ. "ನಮ್ಮ ಅಬ್ಬಾಗ ಎತ್ತ ಕೊಡಿಸ್ತಿದ್ರು. ಮೊಣಕಾಲ ಬ್ಯಾನಿ, ಓಣ್ಯಾಗ ಸಾವಕಾಶ ಬರಾಕತ್ತಾರ. ಯಾವ ಮನಿ ಅಂತ ನಾವು ಹೇಳೇ ಇಲ್ಲ."

ಬಾಗಿಲಲ್ಲಿ ಕೋಲಿನ ಸಪ್ಪಳ ಕೇಳಿತು. ಒಳಗೆ ಬಂದವರು ಶಮಶೇರ ಚಾಚಾ.

ಭೂಮಿ ಬಾಯಿ ತೆರೆದಿದ್ದರೆ ಸಂಘಮಿತ್ರಾ ಅವತ್ತು ಇಳಿದು ಹೋಗುತ್ತಿದ್ದಳು. ಚಾಚಾ ಆಕೆಯನ್ನು ನೋಡಿದರು, ಗೋಡೆ ನೋಡಿದರು, ಬಾರ್ಡರಿನ ಎತ್ತರ ನೋಡಿದರು. ಆಕೆ ಕಾಯುತ್ತಿದ್ದ ಮಾತು ಬರಲಿಲ್ಲ. ನಿನ್ನೆ ಮೊನ್ನೆ ಮಾರೂದಿಲ್ಲ ಅಂದಿದ್ದೆಯಲ್ಲ ಎಂದು ಅವರು ಕೇಳಲಿಲ್ಲ. ಈ ಮನೆಯನ್ನು ಮೊದಲ ಸಲ ನೋಡುವವರ ಹಾಗೆ ಗೋಡೆ ಬಡಿದರು, ಹೊಸ್ತಿಲಿಗೆ ಬಗ್ಗಿದರು, ಅಡಿಗೆಮನೆಗೆ ಹೋಗಿ ಬಂದರು. ಕುರ್ಚಿಯ ಮೇಲೆ ಕುಳಿತು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಪೇಟೆಯಲ್ಲಿ ಎತ್ತಿನ ಒಡೆಯನನ್ನು ಕೇಳುವ ಪ್ರಶ್ನೆಯನ್ನೇ ಮೆತ್ತಗೆ ಕೇಳಿದರು.

"ಮೈಕಟ್ಟು ಗಟ್ಟಿ ಐತವ್ವಾ. ಸುಳಿ ಏನರ ಐತೇನು?"

"ಏನೂ ಇಲ್ರಿ ಅಜ್ಜಾ, ಹೊಸಾ ಬಣ್ಣ..." ಎಂದು ಮಹಾಂತೇಶ ಮುಂದೆ ಬಂದ.

"ನಿನ್ನ ಕೇಳಿಲ್ಲಪಾ. ಮನಿಯವ್ವನ್ನ ಕೇಳಾಕತ್ತೇನಿ."

ಕಿಶೋರ ನೆಲ ನೋಡಿದ. ಸಂಘಮಿತ್ರಾ ಎದ್ದು ಗೋಡೆಯ ಹತ್ತಿರ ಹೋದಳು. ಸಾಹಿರಾಳ ಬೆರಳು ಮತ್ತೆ ಬಾರ್ಡರಿನ ಮೇಲೆ ಆಡುತ್ತಿತ್ತು.

"ಇದು ಬಾರ್ಡರ್ ಅಲ್ಲವಾ" ಅಂದಳು. "ಹೊಳಿ ನೀರು ಇಲ್ಲಿತನಾ ಬಂದಿತ್ತು. ನಾಲ್ಕ ಅಡಿ ಎರಡ ಇಂಚ. ಐದ ದಿನಾ ನಿಂತಿತ್ತು. ಗೆರಿ ಕಾಣಬಾರದಂತ ಇದನ್ನ ಮಾಡಿಸೇನಿ. ನಾನs ಮಾಡಿಸೇನಿ."

ಸಾಹಿರಾ ಬೈಯಲಿಲ್ಲ. ಬಿಸಿ ಹಂಚು ಮುಟ್ಟಿದವಳ ಹಾಗೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು, ಅಷ್ಟೇ. ಎಷ್ಟೋ ದಿನ ಸಂಘಮಿತ್ರಾಳ ಕಣ್ಣ ಮುಂದೆ ಉಳಿದದ್ದು ಆ ಬೆರಳು.

ಗಂಡ ಹೆಂಡತಿ ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದರು. ಮಹಾಂತೇಶ ಹೊರಗೆ ನಿಂತು, "ಇಂಥಾ ಮಂದಿ ಕೂಡ ದಂಧೆ ಮಾಡೂದು ನನಗ ಆಗೂದಿಲ್ರಿ" ಅಂದು ಗಾಡಿಗೆ ಕಿಕ್ ಒದ್ದು ಹೋದ. ಚಾಚಾ ಕೋಲು ಊರಿ ಎದ್ದಾಗ ಆಕೆ ಅಡ್ಡ ನಿಂತಳು.

"ಚಾಚಾ, ಛಾ ಕುಡದ ಹೋಗ್ರಿ. ಮನಿ ಮತ್ತ ನೀವs ನೋಡ್ರಿ."

"ಇವತ್ತ ನಾನು ಅವರ ಕಡೆ ಬಂದೇನವ್ವಾ. ಒಂದs ದಿನ ಎರಡೂ ಕಡೆ ಛಾ ಕುಡ್ಯಾಕ ಬರೂದಿಲ್ಲ."

ಮೂಡಲಗಿಯವರಿಂದ ಎರಡು ದಿನದಲ್ಲಿ ಬೇಡ ಎಂದು ಫೋನು ಬಂತು. ದಸರಾ ಬಂತು, ಹೋಯಿತು. ಹುಕ್ಕೇರಿಯ ಮನೆ ಬೇರೆಯವರ ಪಾಲಾಯಿತು. ಸಂಘಮಿತ್ರಾ ದಡ್ಡಿಯ ಬಸ್ಸಿನಲ್ಲಿ ಓಡಾಡುತ್ತಲೇ ಇದ್ದಳು. ಕೂಸು ತೂಗುವಾಗ ಯಾರಾದರೂ ಆ ಹಳೆಯ ಹೆಸರಿನಿಂದ ಕರೆದರೆ ಮುಖ ತಗ್ಗಿಸಿ ಪುಸ್ತಕದಲ್ಲಿ ಬರೆಯುವಳು. ದಡ್ಡಿಯವರೆಗೂ ಆ ಹೆಸರು ಬಂದು ಮುಟ್ಟಿತ್ತು ನೋಡಿ.

ದೀಪಾವಳಿ ಮುಗಿದ ಮೇಲೆ ಚಾಚಾ ಅವರೇ ಫೋನು ಮಾಡಿದರು.

"ಬೇಟಿ, ಆ ಗೆರಿ ಹಂಗs ಐತೇನು?"

"ಐತ್ರಿ. ಅದರ ಬಾಜೂಕ ಅಳತಿ ಬರದೇನ್ರಿ. ನೀರ ಬಂದ ವರ್ಷಾನೂ ಬರದೇನಿ."

"ಹಂಗಾರ ಐತವಾರ ಒಬ್ರನ್ನ ಕರ್ಕೊಂಡ ಬರ್ತೇನಿ."

ಆ ಭಾನುವಾರ ಬಂದರು. ಗಿರಾಕಿಯನ್ನು ನೇರವಾಗಿ ಬಾರ್ಡರಿನ ಮುಂದೆ ನಿಲ್ಲಿಸಿ, ನಗುತ್ತ ಅಂದರು: "ಇದು ಇದರ ಸುಳಿ. ನಮ್ಮ ಬೇಟಿ ಸುಳಿಗೂ ಬಂಗಾರ ಹಾಕ್ಯಾಳ, ನೋಡ್ರಿ."

ಗಿರಾಕಿಯೂ ನಕ್ಕ. ಕಿಶೋರನೂ ನಕ್ಕ. ಸಂಘಮಿತ್ರಾ ನೀರು ತರುವ ನೆವದಲ್ಲಿ ಅಡಿಗೆಮನೆಗೆ ಹೋಗಿ, ತಂಬಿಗೆ ತುಂಬಿ ಹೊರಚೆಲ್ಲುವವರೆಗೂ ನಳದ ಕೆಳಗೆ ಹಿಡಿದೇ ನಿಂತಳು. ಫೋನಿನಲ್ಲಿ ಹೇಳಿದ ಆ ಸುಳ್ಳಿನ ಮಾತನ್ನು ಚಾಚಾ ಇವತ್ತಿಗೂ ಎತ್ತಿಲ್ಲ. ಎತ್ತಿ ಬೈದರೆ ಆಕೆಗೆ ಹಗುರಾಗುತ್ತಿತ್ತೇನೋ. ಹೊರಗಿನಿಂದ ಅವರ ದನಿ ಕೇಳುತ್ತಿತ್ತು: "ಮನಸ ಒಪ್ಪೇತೇನ್ರಿ? ಬರ್ರಿ ಹಂಗಾರ, ಅಡಗಿಮನಿ ತೋರಸ್ತೇನಿ."

ಆಕೆ ಬೇಗ ಬೇಗ ಕಣ್ಣು ಒರೆಸಿಕೊಂಡು, ಅವರು ಒಳಗೆ ಬರಲು ದಾರಿ ಬಿಟ್ಟು ನಿಂತಳು.