ತಲೆಕೆಳಗಾದ ಒಂಬತ್ತು

ಕೊರವಂಗಲದಲ್ಲಿ ಈಗಷ್ಟೇ ಬೆಳಕು ಹರಿದಿದೆ. ಡೇರಿಗೆ ಹಾಲು ಹಾಕಲು ಹೊರಟವರು ಕೇರಿಯ ಕೊನೆಯ ಮನೆ ಮುಂದೆ ಒಂದು ಗಳಿಗೆ ನಿಂತು, ಕತ್ತೆತ್ತಿ ನೋಡಿ, ಮುಂದಕ್ಕೆ ಹೋಗುತ್ತಾರೆ. ಆ ಮನೆಗೆ ಹೆಂಚಿಲ್ಲ. ನಿನ್ನೆಯೇ ಇಳಿಸಿ ಅಂಗಳದಲ್ಲಿ ಒಟ್ಟಿದ್ದಾರೆ. ಬರಿ ತೊಲೆ, ಜಂತೆ ಉಳಿದ ಆ ಮಾಡಿನ ನಡುವೆ, ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದು, ಗೋಡೆಯಿಂದ ಕಾಲು ಇಳಿಬಿಟ್ಟು ಬೆಟ್ಟಮ್ಮ ಕೂತಿದ್ದಾರೆ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಮರದ ಕೊಡತಿ.

ತೊಲೆಯ ತುದಿಯಿಂದ ಒಂದು ಗೇಣು ಬಿಟ್ಟು ಮೊದಲು ಒಂದು ಅಡ್ಡಗೀಟು ಕೆತ್ತುತ್ತಾರೆ. ಧೂಳು ಊದಿ, ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಅದರ ಮೇಲೆ ಅಂಕಿ: ಒಂದು X, ಅದರ ಪಕ್ಕ ಎರಡು ಗೀಟು. ಇದು ಮನೆಯ ಹನ್ನೆರಡನೇ ತೊಲೆ. ಕೆಳಗೆ ನಿಂತ ಆಳುಗಳು ಹಗ್ಗ ಹಿಡಿದು ಕಾಯುತ್ತಿದ್ದಾರೆ. ‘ತಡ್ಕಳ್ರಪ್ಪ, ಗೀಟು ಇನ್ನೂ ಆಳ ಬರ್ಬೇಕು’ ಎನ್ನುತ್ತಾರೆ ಬೆಟ್ಟಮ್ಮ. ಅವಸರ ಮಾಡುವವರ ಮೇಲೆ ಅವರು ಸಿಟ್ಟಾಗುವುದಿಲ್ಲ, ತಾವೂ ಅವಸರಪಡುವುದಿಲ್ಲ.

ಹಳೆಯ ಮನೆ ಬಿಚ್ಚುವುದು ಬೆಟ್ಟಮ್ಮನ ಕಸುಬು. ಕೆಡವುವುದಲ್ಲ, ಬಿಚ್ಚುವುದು. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಇದ್ದ ಜಾಗದಲ್ಲಿ ಆರ್‌ಸಿಸಿ ಮನೆ ಏಳಬೇಕು, ಒಳಗಿನ ಬೀಟೆ ಹೊನ್ನೆ ಮರ ಇನ್ನೂ ಕಬ್ಬಿಣದ ಹಾಗಿರುತ್ತದೆ. ಹಳೆ ಮರದ ವ್ಯಾಪಾರಿಗಳು ಅಂಥ ಮನೆಯನ್ನು ಪೂರ್ತಿ ಕೊಂಡು, ಒಂದೊಂದು ಮರಕ್ಕೂ ಅಂಕಿ ಹಾಕಿಸಿ ಬಿಚ್ಚಿಸಿ, ಬೇರೆ ಊರಲ್ಲಿ ಬೇರೆಯವರಿಗೆ ಹಾಗೆಯೇ ನಿಲ್ಲಿಸಿಕೊಡುತ್ತಾರೆ. ಒಂದು ಸಾಧಾರಣ ಮನೆಯಲ್ಲಿ ಕಂಬ, ತೊಲೆ, ಜಂತೆ, ಬಾಗಿಲುವಾಡ ಎಲ್ಲ ಸೇರಿ ಇನ್ನೂರು ಮುನ್ನೂರು ಮರಗಳಿರುತ್ತವೆ. ದಿನಕ್ಕೆ ಮೂವತ್ತು ಮರಕ್ಕೆ ಅಂಕಿ ಬಿದ್ದರೆ ಅದು ಒಳ್ಳೆಯ ದಿನ.

ಚನ್ನರಾಯಪಟ್ಟಣದ ದಂಡಿಗನಹಳ್ಳಿ ಕಡೆಯ ಹುಡುಗಿ ಬೆಟ್ಟಮ್ಮ. ಶಾಲೆಯ ಮೆಟ್ಟಿಲು ಹತ್ತಿದ್ದು ಒಂದು ವರ್ಷವೂ ಪೂರ್ತಿ ಇಲ್ಲ. ಬೆನ್ನ ಹಿಂದೆ ಹುಟ್ಟಿದ ತಂಗಿಯನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮರಗೆಲಸದ ರವೀಂದ್ರನನ್ನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಅವರಿಗೆ ಕನ್ನಡದ ಅಂಕಿಯೂ ಬರುತ್ತಿರಲಿಲ್ಲ, ಇಂಗ್ಲಿಷಿನದೂ ಬರುತ್ತಿರಲಿಲ್ಲ. ರವೀಂದ್ರ ಕೆಲಸಕ್ಕಿದ್ದದ್ದು ಹಳೆ ಮರದ ವ್ಯಾಪಾರಿ ಪಂಚಾಕ್ಷರಯ್ಯನವರ ಡಿಪೋದಲ್ಲಿ. ಗಂಡನಿಗೆ ಬುತ್ತಿ ತರುತ್ತಿದ್ದ ಬೆಟ್ಟಮ್ಮ ಕ್ರಮೇಣ ಅಲ್ಲೇ ಮೊಳೆ ಕೀಳಲು, ಮರ ತೊಳೆಯಲು ನಿಂತರು.

ಆಗೆಲ್ಲ ಮರದ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ಅಂಕಿ ಬರೆಯುತ್ತಿದ್ದರು. ಮಳೆ ಬಿದ್ದರೆ ಸುಣ್ಣ ಹೋಗುತ್ತಿತ್ತು, ಗೆದ್ದಲಿಗೆ ಎಣ್ಣೆ ಬಳಿದರೆ ಬಣ್ಣವೂ ಹೋಗುತ್ತಿತ್ತು. ಕೆತ್ತೋಣವೆಂದರೆ ಮಾಮೂಲಿ ಅಂಕಿಗಳಿಗೆಲ್ಲ ಸುತ್ತು, ಬಾಗು. ನೇರ ಬಾಯಿಯ ಉಳಿ ಅದಕ್ಕೆ ಒಗ್ಗುವುದಿಲ್ಲ. ಗಡಿಯಾರದ ಅಂಕಿ ಕೆತ್ತಿದರೆ ಆಯಿತಲ್ಲ ಎಂದು ಪಂಚಾಕ್ಷರಯ್ಯನವರಿಗೆ ಹೊಳೆಯಿತು. ಒಂದು ಮಧ್ಯಾಹ್ನ ಅವರು ಮರದ ಹೊಟ್ಟನ್ನು ನೆಲದ ಮೇಲೆ ಹರವಿ, ಬೆಂಕಿಕಡ್ಡಿ ಜೋಡಿಸುತ್ತ ಆಳುಗಳಿಗೆ ರೋಮನ್ ಅಂಕಿ ಹೇಳಿಕೊಡಲು ಕೂತರು. ಮೂರು ಮಾರು ಆಚೆ ಮೊಳೆ ಕೀಳುತ್ತಿದ್ದ ಬೆಟ್ಟಮ್ಮ ಸುಮ್ಮನೆ ನೋಡುತ್ತಿದ್ದರು. ಆ ದಿನವನ್ನು ಅವರು ಈಗ ನನಗೆ ಹೇಳುವುದು ಹೀಗೆ:

‘ನಂಗೆ ಅವು ಅಕ್ಷರ ಅನ್ನಿಸ್ಲೇ ಇಲ್ಲ ಸಾ. I ಅಂದ್ರೆ ಗೀಟು. V ಅಂದ್ರೆ ಕವೆ, ಬೇಲಿಗೆ ನಿಲ್ಲಿಸ್ತೀವಲ್ಲ ಕವೆಗೋಲು, ಅದು. X ಅಂದ್ರೆ ಕತ್ತರಿ. ಕವೆ ಅಂದ್ರೆ ಐದು, ಕತ್ತರಿ ಅಂದ್ರೆ ಅತ್ತು. ಇನ್ನೇನೈತೆ ಅದ್ರಲ್ಲಿ?’

ತೊಡಕಾದದ್ದು ನಾಲ್ಕು. ನಾಲ್ಕು ಗೀಟು ಹಾಕುವುದು ಬಿಟ್ಟು ಕವೆಯ ಮುಂದೆ ಒಂದು ಗೀಟು ಯಾಕೆ ನಿಲ್ಲಬೇಕೆಂದು ಯಾರಿಗೂ ಬಗೆಹರಿಯಲಿಲ್ಲ. ರವೀಂದ್ರನಂತೂ ನಾಲ್ಕು ಬರೆಯಬೇಕಾದಲ್ಲಿ ಆರು, ಆರಾಗಬೇಕಾದಲ್ಲಿ ನಾಲ್ಕು ಬರೆದು ಬೈಸಿಕೊಂಡ. ಅವತ್ತು ರಾತ್ರಿ ಒಲೆ ಮುಂದೆ ಬೆಟ್ಟಮ್ಮ ಸೌದೆಪುಳ್ಳೆ ಜೋಡಿಸಿ ಗಂಡನಿಗೆ ತೋರಿಸಿದರು. ‘ಮುಂದ್ಗಡೆ ನಿಂತೋನು ಒಂದು ಕಿತ್ಕೊಂಡು ಓಯ್ತಾನೆ, ಇಂದ್ಗಡೆ ನಿಂತೋನು ಒಂದು ಕೊಟ್ಟು ಓಯ್ತಾನೆ. ಅಷ್ಟೇಯ.’ ರವೀಂದ್ರ ಪುಳ್ಳೆಗಳನ್ನು ಒಮ್ಮೆ ತಾನೇ ಜೋಡಿಸಿ ನೋಡಿ, ‘ನಾಳೆಯಿಂದ ನೀನೇ ಬರಿ ಕಣಮ್ಮಿ, ನಾನು ಓದ್ಕತೀನಿ’ ಎಂದ.

ಹಾಗೆ ಶುರುವಾದದ್ದು. ಬರೆಯುವವಳು ಹೆಂಡತಿ, ಓದುವವನು ಗಂಡ. ಬಿಚ್ಚುವಾಗ ಬೆಟ್ಟಮ್ಮ ಅಂಕಿ ಕೆತ್ತುತ್ತಿದ್ದರು. ಮತ್ತೆ ನಿಲ್ಲಿಸುವಾಗ ರವೀಂದ್ರ ಮೇಲೆ ಹತ್ತಿ ಒಂದೊಂದೇ ಅಂಕಿ ಕೂಗಿ ಕರೆಯುತ್ತಿದ್ದ. ಅರಕಲಗೂಡು, ಹಾಸನ, ಚನ್ನರಾಯಪಟ್ಟಣ ಎಂದು ಇಬ್ಬರೂ ತಿರುಗದ ಊರಿಲ್ಲ. ಬೇರೆ ಗಂಡಹೆಂಡಿರು ಜೊತೆಗೆ ಸಿನಿಮಾಕ್ಕೆ ಹೋದರೆ ಇವರು ಜೊತೆಗೆ ಮನೆ ಬಿಚ್ಚಲು ಹೋಗುತ್ತಿದ್ದರು ಎಂದು ಬೆಟ್ಟಮ್ಮ ನಗುತ್ತಾರೆ. ನಗು ಬಹಳ ಹೊತ್ತು ಇರುವುದಿಲ್ಲ.

ಮಗಳು ಧನ್ಯಾ ಐದನೇ ಕ್ಲಾಸಿನಲ್ಲಿದ್ದಾಗ ಅವಳ ಪಾಠದಲ್ಲೂ ರೋಮನ್ ಅಂಕಿ ಬಂತು. ಅಮ್ಮನಿಗೆ ಗೊತ್ತಿರುವ ಒಂದೇ ಪಾಠ ಅದು. ತಾಯಿ ಮಗಳಿಬ್ಬರೂ ಜಗುಲಿಯಲ್ಲಿ ಕೂತು ಐವತ್ತರವರೆಗೆ ಬರೆದರು. ಬೆಟ್ಟಮ್ಮ ಮಗಳ ಪಕ್ಕ ಸ್ಲೇಟು ಹಿಡಿದು ಕೂತದ್ದು ಅದೇ ಮೊದಲು. ಬರೆದು ಮುಗಿಸಿದ ಧನ್ಯಾ ಆಟಕ್ಕೆ ಸ್ಲೇಟನ್ನು ತಿರುಗಿಸಿದಳು.

‘ಅವ್ವ, ನೋಡಿಲ್ಲಿ! IX ಬರ್ದಿದ್ದೆ, ಒಂಬತ್ತು. ತಲೆಕೆಳಗೆ ಮಾಡಿದ್ರೆ XI, ಅನ್ನೊಂದು ಆಗೋಯ್ತು!’

‘ಆದ್ರೆ ಆಗ್ಲಿ ಬಿಡು.’

‘ನೀನು ಮರದ ಮೇಲೆ ಬರೀತೀಯಲ್ಲ, ಅದು ಉಲ್ಟಾ ಆದ್ರೆ? ಕೆಳಗಡೆ ಒಂದು ಅಡ್ಡಗೀಟು ಆಕು, ಆಗ ಯಾವುದು ಬುಡ ಅಂತ ಗೊತ್ತಾಯ್ತದೆ.’

‘ಅಯ್, ಒಂದೊಂದು ಮರಕ್ಕೂ ಇನ್ನೊಂದು ಗೀಟು ಅಂದ್ರೆ ಕೈ ಬಿದ್ದೋಗ್ತವೆ ಕಣಮ್ಮ. ನಿಮ್ಮಪ್ಪ ಏನು ಕಣ್ಣು ಕಾಣ್ದೋನಾ?’

ಅದು ಸುಳ್ಳೂ ಆಗಿರಲಿಲ್ಲ. ಆ ದಿನಗಳಲ್ಲಿ ಬಿಚ್ಚಿದ ಮನೆ ಒಂದೆರಡು ತಿಂಗಳಲ್ಲಿ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಒಂದೊಂದು ತೊಲೆಯ ಗಂಟು, ಬಿರುಕು ಎಲ್ಲ ರವೀಂದ್ರನ ಕಣ್ಣಲ್ಲೇ ಇರುತ್ತಿತ್ತು. ಅಂಕಿ ನೋಡುತ್ತಿದ್ದದ್ದು ಅನುಮಾನ ಬಂದಾಗ ಮಾತ್ರ.

ಮಲ್ಲಿಪಟ್ಟಣದಲ್ಲಿ ಬಿಚ್ಚಿದ ದೊಡ್ಡ ಮನೆಯ ಕಥೆ ಹಾಗಾಗಲಿಲ್ಲ. ಕೊಂಡವರು ಹಾಸನದ ಹೊರವಲಯದಲ್ಲಿ ಅತಿಥಿಗೃಹ ಕಟ್ಟಿಸಬೇಕೆಂದಿದ್ದರು. ಜಾಗದ ತಕರಾರು ಎದ್ದು ಮರವೆಲ್ಲ ಎರಡು ಮಳೆಗಾಲ ಡಿಪೋದಲ್ಲೇ ಬಿತ್ತು. ಅಷ್ಟರಲ್ಲಿ ಪಂಚಾಕ್ಷರಯ್ಯ ತೀರಿಕೊಂಡು, ಮಗ ಚಂದ್ರಮೌಳಿ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಲಾರಿಯಲ್ಲಿ ಮರ ಹಾಸನದ ಆ ಜಾಗಕ್ಕೆ ಹೋಯಿತು. ಎಣ್ಣೆ ಕುಡಿದು ಕಪ್ಪಾದ ತೊಲೆಗಳೆಲ್ಲ ನೋಡಲು ಒಂದೇ ಥರ ಇದ್ದವು. ಈಗ ಅಂಕಿಯೊಂದೇ ದಿಕ್ಕು.

ಕಂಬಗಳೆಲ್ಲ ನಿಂತು ತೊಲೆ ಏರಿಸುವ ದಿನ, ರವೀಂದ್ರ ಮೇಲಿಂದ ಒಂಬತ್ತನೇ ತೊಲೆ ಕೇಳಿದ. ಆಳುಗಳು ತೊಲೆ ಎತ್ತಿಕೊಟ್ಟರು. ಅವನು ಅಂಕಿ ನೋಡಿದ: ಗೀಟು, ಕತ್ತರಿ. ಒಂಬತ್ತೇ. ಕಂಬದ ತಲೆಯ ಗೂಡಿಗೆ ತೊಲೆಯ ತುದಿ ಇಳಿಸಿದ. ಕೈಯಲ್ಲೇ ಮಾಡಿದ ಹಳೆಯ ಮನೆಗಳಲ್ಲಿ ಎರಡು ಕಂಬಗಳ ನಡುವಿನ ಒಂದು ಅಂಕಣದ ಅಳತೆ ಇನ್ನೊಂದಕ್ಕಿರುವುದಿಲ್ಲ. ಈ ತೊಲೆ ಎರಡು ಬೆರಳು ಗಿಡ್ಡವಿತ್ತು. ತುದಿ ಗೂಡಿನೊಳಗೆ ಪೂರ್ತಿ ಕೂರಲಿಲ್ಲ. ಸಡಿಲ ಕಂಡು ರವೀಂದ್ರ ಒಂದು ಬೆಣೆ ಹೊಡೆದ. ಮರ ಒಣಗಿ ಕುಗ್ಗಿರಬೇಕು ಎಂದುಕೊಂಡ. ಬೆಟ್ಟಮ್ಮ ಆಗ ಅಂಗಳದ ಇನ್ನೊಂದು ಮೂಲೆಯಲ್ಲಿ ಬಾಗಿಲುವಾಡದ ಮಣ್ಣು ಕೆರೆಯುತ್ತಿದ್ದರು. ಊಟದ ಹೊತ್ತಿಗೆ ಮುಂಚೆ, ಜಂತೆಗಳ ಭಾರ ಬೀಳುತ್ತಲೇ ಬೆಣೆ ಹಾರಿತು. ತೊಲೆಯೂ ರವೀಂದ್ರನೂ ಒಟ್ಟಿಗೆ ಕೆಳಗೆ ಬಂದರು. ತೊಲೆ ಬಿದ್ದದ್ದು ಅವನ ಸೊಂಟದ ಮೇಲೆ.

ಜೀವ ಉಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಎರಡು ಆಪರೇಷನ್ ಆಯಿತು. ಕೆಲಸದ ಜಾಗದಲ್ಲೇ ಬಿಟ್ಟ ಉಳಿ, ಗರಗಸ ತರಲು ಒಂದು ವಾರದ ಮೇಲೆ ಬೆಟ್ಟಮ್ಮ ಒಬ್ಬರೇ ಹೋದರು. ಬಿದ್ದ ತೊಲೆ ಇನ್ನೂ ಅಲ್ಲೇ ಇತ್ತು. ಅವರು ಬಂದ ಕಡೆಯಿಂದ ಅಂಕಿ ಸ್ಪಷ್ಟವಾಗಿ ಒಂಬತ್ತು. ಸಾಮಾನು ಕಟ್ಟಿಕೊಂಡು ಆ ಕಡೆಯಿಂದ ತಿರುಗಿ ಬರುವಾಗ ಇನ್ನೊಂದು ಸಲ ನೋಡಿದರು. ಹನ್ನೊಂದು.

‘ಆ ಕಡೆ ಓಗಿ ನೋಡ್ದೆ, ಈ ಕಡೆ ಬಂದು ನೋಡ್ದೆ. ನಂದೇ ಕೈಬರಹ. ನಂದೇ ಉಳಿ. ತೊಲೆ ಮೇಲೇ ಕೂತ್ಬುಟ್ಟೆ ಸಾ. ಮಗಳು ಆಗ್ಲೇ ಏಳಿದ್ಲು. ಸ್ಲೇಟು ತಿರುಗಿಸಿ ತೋರ್ಸಿದ್ಲು. ಕವೆ ಇರೋ ಅಂಕಿ ಆಗಿದ್ರೆ ತಲೆಕೆಳಗಾದ್ರೂ ಗೊತ್ತಾಗ್ತಿತ್ತು, ಕವೆ ಕವುಚ್ಕತದೆ. ಬರೀ ಗೀಟು ಕತ್ತರಿಗೆ ಮೇಲ್ಯಾವ್ದು ಕೆಳಗ್ಯಾವ್ದು? ಒಂದು ಗೀಟು. ಮೂರು ಏಟಿನ ಕೆಲ್ಸ. ಕೈ ನೋಯ್ತದೆ ಅಂತ ಬಿಟ್ಟೆ.’

ಆಸ್ಪತ್ರೆಗೆ ಹೋದವರೇ ಗಂಡನ ಮಂಚದ ಪಕ್ಕ ನಿಂತು ಎಲ್ಲ ಹೇಳಿದರು. ರವೀಂದ್ರ ಚಾವಣಿಯನ್ನೇ ನೋಡುತ್ತ ಕೇಳಿಸಿಕೊಂಡ. ‘ಸಡಿಲ ಐತೆ ಅಂತ ನನ್ ಕೈಗೆ ಗೊತ್ತಾಗಿತ್ತು. ಆದ್ರೂ ಬೆಣೆ ಒಡ್ದು ಸುಮ್ನಾದೆ. ಓದಿದ್ದೂ ನಾನೇ, ಕೂರ್ಸಿದ್ದೂ ನಾನೇ. ನೀನ್ಯಾಕೆ ಅಳ್ತೀಯ, ಓಗು, ಕಾಪಿ ತಗಂಬಾ’ ಎಂದ. ಆ ಮಾತು ಅಲ್ಲಿಗೇ ಮುಗಿಯಿತು. ಇವತ್ತಿನವರೆಗೂ ಅವನು ಅದನ್ನು ಮತ್ತೆ ಎತ್ತಿಲ್ಲ.

ಧನ್ಯಾ ಆಗ ಪಿಯುಸಿಯಲ್ಲಿದ್ದಳು. ಜಗುಲಿಯ ಮೇಲೆ ಸ್ಲೇಟು ತಿರುಗಿಸಿದ್ದು ನೆನಪಿದೆಯಾ ಎಂದು ಒಂದು ದಿನ ಬೆಟ್ಟಮ್ಮ ಕೇಳಿದರು. ‘ಇಲ್ಲವ್ವ, ಯಾವ್ ಸ್ಲೇಟು?’ ಎಂದು ಹುಡುಗಿ ತಟ್ಟೆ ತೊಳೆಯಲು ಎದ್ದುಹೋದಳು. ನೆನಪಿದೆ ಎಂದು ತಾಯಿಗೆ ಗೊತ್ತು. ಮಗಳು ಈಗ ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅಪ್ಪನ ಸೊಂಟಕ್ಕೆ ಯಾವ ವ್ಯಾಯಾಮ ಮಾಡಿಸಬೇಕೆಂದು ಫೋನಿನಲ್ಲಿ ಹೇಳುತ್ತಾಳೆ. ಆ ಮಾತು ಮಾತ್ರ ತಾಯಿ ಮಗಳ ನಡುವೆ ಮತ್ತೆ ಬಂದಿಲ್ಲ.

ಮನೆ ನಡೆಯಬೇಕಲ್ಲ ಎಂದು ಬೆಟ್ಟಮ್ಮ ಆರು ತಿಂಗಳಿಗೆ ಕೆಲಸಕ್ಕೆ ವಾಪಸಾದರು. ಈಗ ಬರೆಯುವುದೂ ಅವರೇ, ಓದುವುದೂ ಅವರೇ. ಅಂಕಿಗಿಂತ ಮೊದಲು ಬುಡದ ಗೀಟು ಬೀಳುತ್ತದೆ. ಅತಿಥಿಗೃಹ ಬೇರೆ ಕೆಲಸಗಾರರ ಕೈಯಲ್ಲಿ ಮುಗಿದಿದೆ. ಹಾಸನದ ಬಸ್ಸು ಆ ರಸ್ತೆಯಲ್ಲೇ ಹೋಗುತ್ತದೆ. ಬೆಟ್ಟಮ್ಮ ಅದು ಕಾಣದ ಕಡೆಯ ಸೀಟು ಹುಡುಕಿ ಕೂರುತ್ತಾರೆ.

ರವೀಂದ್ರ ಹೊಳೆನರಸೀಪುರದ ಮನೆಯಲ್ಲಿ ಕೋಲೂರಿಕೊಂಡು ಓಡಾಡುತ್ತಾನೆ. ಮೇಲೆ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಹೆಂಡತಿಗೆ ಮುಂಚೆ ಎದ್ದು ಅವಳ ಉಳಿಗಳನ್ನು ಸಾಣೆಕಲ್ಲಿನ ಮೇಲೆ ಮಸೆದು, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾನೆ. ಬಸ್ಸಿಗೆ ಹೊತ್ತಾಯಿತು ಎಂದು ಎಚ್ಚರಿಸುತ್ತಾನೆ. ಸಂಜೆ ಅವಳು ಬಂದಾಗ ಯಾವ ಊರು, ಯಾವ ಮರ, ಎಷ್ಟಾಯಿತು ಎಂದು ಕೇಳುತ್ತಾನೆ.

ಎಳೆಬಿಸಿಲು ಬಿದ್ದಿದೆ. ಹನ್ನೆರಡನೇ ತೊಲೆ ಹಗ್ಗದಲ್ಲಿ ತೂಗಿಕೊಂಡು ನಿಧಾನವಾಗಿ ಅಂಗಳಕ್ಕೆ ಇಳಿಯುತ್ತದೆ. ಬೆಟ್ಟಮ್ಮ ಗೋಡೆಯಿಂದ ಇಳಿದು, ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಹೆಂಚಿನ ರಾಶಿಯ ಪಕ್ಕ ಕೂರುತ್ತಾರೆ. ಇನ್ನೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ.

‘ನನ್ ಗಂಡ ಬಾಯಿ ಸತ್ತೋನೇನಲ್ಲ ಸಾ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಬೈತಾನೆ. ಬಸ್ಸು ತಪ್ಪಿಸ್ಕಂಡ್ರೆ ಬೀದಿಗೆಲ್ಲ ಕೇಳೋ ಅಂಗೆ ಬೈತಾನೆ. ಇದೊಂದಕ್ಕೆ ಬೈಲಿಲ್ಲ. ಒಂದೇ ಒಂದ್ ಸಲ, ನಿನ್ನಿಂದ ಇಂಗಾಯ್ತು ಕಣೇ ಅಂತ ಬಾಯ್ತುಂಬ ಬೈದ್ಬುಟ್ರೆ ಸಾಕು. ನಾನೂ ಅವನ ಮುಂದೆ ಕೂತು ಅತ್ತು ಮುಗಿಸ್ಬುಡ್ತೀನಿ.’