ಎಂಟು ಸುತ್ತು ಬಾರಿಸು ಎಂದಿದ್ದರು

ಯಾದಗಿರಿ ಕಾರ್ಯಕ್ರಮದ ಆ ಸಂಯೋಜಕನ ಕೈ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಾಲ್ಕು ಬೆರಳಿಗೆ ನಾಲ್ಕು ಉಂಗುರ, ಗೋಡೆ ಗಡಿಯಾರದಷ್ಟು ದೊಡ್ಡ ವಾಚು. ಆ ಕೈ ಮೇಲೆದ್ದರೆ ಯಾದಗಿರಿ ಸ್ಟೇಷನ್ನಿಗೆ ಬರುವ ಚೆನ್ನೈ ಗಾಡಿ ಕೂಡ ಸಿಗ್ನಲ್ ಹತ್ತಿರವೇ ನಿಂತುಬಿಡಬೇಕು, ಅಂಥ ಕೈ. ಅವತ್ತು ನಿಂತದ್ದು ಗಾಡಿಯಲ್ಲ, ನಾವು. ಇಪ್ಪತ್ತೆರಡು ಮಕ್ಕಳ ಹಾಡು, ಒಂದೇ ಏಟಿಗೆ.

ನಾವು ಅಂದರೆ ಶಹಾಪುರದ ಹಳೆಯ ಶಾಲೆಯೊಂದರ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುವ ಮಕ್ಕಳ ವಾದ್ಯವೃಂದ. ಪಿಟೀಲು, ಕ್ಲಾರಿನೆಟ್, ಕೊಳಲು, ತಬಲಾ, ಮಳೆಗಾಲದಲ್ಲಿ ತಾನಾಗಿಯೇ ಕೂಗುವ ಒಂದು ಕೀಬೋರ್ಡ್, ಮತ್ತೆ ಡೋಲಕ್. ಡೋಲಕ್ ನನ್ನದು. ಸುರಪುರದಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತೇನೆ. ಅದಕ್ಕೂ ಟಿಕೆಟ್ ತೆಗೆಸು ಎಂದು ಜಗಳ ತೆಗೆದ ಕಂಡಕ್ಟರುಗಳು ಐವತ್ತು ಜನ. ಸರಿ, ಇಬ್ಬರು.

ಕಲಿಸುವವರು ಉಸ್ತಾದರು. ಇಡೀ ಆಯುಷ್ಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಒಂದು ಪೈಸೆ ಕೇಳದೆ ನಮಗೆ ಸ್ವರ ಹಿಡಿಯುವುದನ್ನು, ಪಕ್ಕದವನನ್ನು ಕೇಳಿಸಿಕೊಂಡು ನುಡಿಸುವುದನ್ನು ಕಲಿಸಿದರು. ಅದರ ಜೊತೆಗೆ ಬ್ಯಾಂಡಿನ ಒಂದು ಕಾಯಿದೆಯನ್ನೂ ಕಲಿಸಿದರು. ಮದುಮಗನ ಕಾರು ಓಣಿಯ ಮೂಲೆ ತಿರುಗಿದರೆ ಮುಂದೆ ನಿಂತವರು ಕೈ ಎತ್ತುತ್ತಾರೆ. ಯಾವ ಹಾಡಿನ ಯಾವ ಸಾಲಿನಲ್ಲಿದ್ದರೂ ಬ್ಯಾಂಡು ಅಲ್ಲೇ ನಿಲ್ಲಬೇಕು.

"ಕೈ ಎದ್ದಿತಂದ್ರ ಉಸಿರೂ ನಿಲ್ಲಬೇಕು ಬೇಟಾ. ಹಿಂದಿಂದ ಒಂದ್ ಪೀಪಿ ಸಪ್ಪಳ ಬಂತೋ, ಇಡೀ ಬ್ಯಾಂಡಿನ ಇಜ್ಜತ್ ಹೋತು," ಎನ್ನುತ್ತಿದ್ದರು. ಹೇಳಿ ಹೇಳಿ, ಈಗ ಯಾರಾದರೂ ಆಕಳಿಸಲು ಕೈ ಎತ್ತಿದರೂ ನಾವು ನಿಲ್ಲುತ್ತೇವೆ.

ಕಲಿತದ್ದನ್ನು ಊರಿಗೆ ಕೇಳಿಸಬೇಕೆಂಬುದು ಉಸ್ತಾದರ ಇನ್ನೊಂದು ಹಟ. ಹಾಗಾಗಿ ತಿಂಗಳಿಗೊಮ್ಮೆ ಅಂಗನವಾಡಿಗೋ ಆಸ್ಪತ್ರೆಗೋ ಹೋಗುತ್ತೇವೆ. ಆಸ್ಪತ್ರೆಯಲ್ಲಿ ನನ್ನ ಡೋಲಕ್ ಕೇಳಿ ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಅಜ್ಜ ಎದ್ದು ಕುಣಿದ ಎಂದು ಇಡೀ ಸುರಪುರಕ್ಕೆ ಹೇಳಿದ್ದೇನೆ. ಅಜ್ಜ ಅಲ್ಲಾಡಿಸಿದ್ದು ಹೆಬ್ಬೆರಳು ಮಾತ್ರ. ಆದರೆ ಅದಕ್ಕೂ ಮೊದಲು ಎರಡು ದಿನ ಅವನು ಯಾರ ಕೂಡವೂ ಮಾತಾಡಿರಲಿಲ್ಲ ಎಂದು ನರ್ಸಕ್ಕ ಹೇಳಿದಳು.

ನನ್ನ ಪಕ್ಕ ಕೂರುತ್ತಿದ್ದ ಪಿಟೀಲಿನ ಹುಡುಗಿ ದೋರನಹಳ್ಳಿಯವಳು. ಅವಳ ಅವ್ವ ಕೂಲಿಗೆ ಹೋಗುತ್ತಾಳೆ. ಒಂದು ಭಾನುವಾರ ಆಕೆ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಉಸ್ತಾದ್ರ, ಯಾದಗಿರಿ ಕಾರ್ಯಕ್ರಮಕ್ಕ ನಾನೂ ಬರ್ತೀನ್ರಿ. ಗುಂಪಿನ್ಯಾಗ ಬ್ಯಾಡ, ಇಕಿ ಒಬ್ಬಾಕೇ ನುಡಿಸಿದ್ದು ಒಮ್ಮಿ ಕೇಳ್ಬೇಕು. ಬರೋಬ್ಬರಿ ಅನಿಸ್ತಂದ್ರ ಇಲ್ಲಿಗೆ ಬರ್ಲಿ. ಇಲ್ಲಂದ್ರ ಐತವಾರ ನನ್ನ ಕೂಡ ಹತ್ತಿ ಬಿಡಸಾಕ ಬರ್ಲಿ. ಎರಡು ವರ್ಷಾತು, ಏನ್ ಕಲ್ತಾಳ ನನಗೇನ್ ಗೊತ್ತು?"

ಉಸ್ತಾದರು ಅದಕ್ಕೆಂದೇ ಒಂದು ತತ್ವಪದದ ಧಾಟಿ ಕೂಡಿಸಿದರು. ಮೊದಲು ಡೋಲಕ್ ಒಂದೇ ತಾಳದ ಎಂಟು ಸುತ್ತು, ಆಮೇಲೆ ಎಲ್ಲರೂ, ಕೊನೆಗೆ ಎರಡು ನಿಮಿಷ ಪಿಟೀಲು ಒಂದೇ. ಅವಳು ಅದನ್ನು ತಿಂಗಳುಗಟ್ಟಲೆ ತಿಕ್ಕಿದಳು. ಅವರ ಮನೆಯ ಎಮ್ಮೆಗೂ ಅದು ಬಾಯಿಪಾಠ ಆಗಿರಬೇಕು.

ಯಾದಗಿರಿಯ ಸಭಾಂಗಣಕ್ಕೆ ಹತ್ತು ಗಂಟೆಗೇ ಹೋದೆವು. ಉಂಗುರದ ಸಂಯೋಜಕ ಮೈಕ್ ಹಿಡಿದು ಬಂದ.

"ಮುಖ್ಯ ಅತಿಥಿ ಸಾಹೇಬ್ರು ದಾರ್ಯಾಗ ಅದಾರ. ಅವರು ಬರೋತನಕ ನುಡಸ್ರಿ. ಜನ ಎದ್ದು ಹೋಗಬಾರ್ದು, ಅಷ್ಟ."

ಸಾಹೇಬರು ಒಂದೂವರೆ ತಾಸು ದಾರಿಯಲ್ಲೇ ಇದ್ದರು. ಅಷ್ಟು ಹೊತ್ತಿನಲ್ಲಿ ಬಗಲಲ್ಲಿ ಡೋಲಕ್ ಹಿಡಿದು ನಾನು ಭೀಮಾ ನದಿಯನ್ನು ಎರಡು ಸಲ ಈಜಿ ದಾಟಿಬಿಟ್ಟಿರುತ್ತಿದ್ದೆ. ಆ ತತ್ವಪದವನ್ನು ಕೊನೆಗೆಂದು ಉಳಿಸಿಕೊಂಡು, ನಮಗೆ ಬರುವ ಬೇರೆಲ್ಲವನ್ನೂ ಎರಡೆರಡು ಸಲ ನುಡಿಸಿದೆವು. ಮುಂದಿನ ಮೂರು ಸಾಲು ಬಿಳಿ ಬಟ್ಟೆ ಹೊದ್ದ ಖಾಲಿ ಕುರ್ಚಿಗಳು. ಹುಡುಗಿಯ ಅವ್ವ ಒಂದರಲ್ಲಿ ಕೂರಲು ಹೋದರೆ ಒಬ್ಬ ಎಬ್ಬಿಸಿ ಕೊನೆಯ ಸಾಲಿಗೆ ಕಳಿಸಿದ. ಖಾಲಿ ಕುರ್ಚಿಗಿದ್ದ ಮರ್ಯಾದೆ ಆಕೆಗಿರಲಿಲ್ಲ.

ಉಸ್ತಾದರು ಸಂಯೋಜಕನ ಹತ್ತಿರ ಹೋಗಿ, "ಸಾಬ್, ಇನ್ನ ಒಂದ್ ಐತಿ. ಆರು ನಿಮಿಷ. ಕಡೀಕ ಹುಡುಗಿ ಒಬ್ಬಾಕೇ ನುಡಿಸ್ತಾಳ. ಮಧ್ಯಾಗ ಮಾತ್ರ ನಿಲ್ಲಸಬ್ಯಾಡ್ರಿ," ಎಂದರು.

"ಅದಕ್ಕೇನ್ರಿ, ನುಡಸ್ರಿ ನುಡಸ್ರಿ," ಎಂದ ಅವನು, ಫೋನಿನಿಂದ ತಲೆ ಎತ್ತದೆ.

ನಾನು ಡೋಲಕ್ ಶುರು ಮಾಡಿದೆ. ತೂಕಡಿಸುತ್ತಿದ್ದ ಜನ ನೆಟ್ಟಗೆ ಕೂತರು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಆಮೇಲೆ ಎಲ್ಲರೂ ಸೇರಿಕೊಂಡರು, ಆಮೇಲೆ ಎಲ್ಲರೂ ಸುಮ್ಮನಾದರು. ಅವಳು ಪಿಟೀಲನ್ನು ಗದ್ದಕ್ಕೆ ಒತ್ತಿ ಕಮಾನು ಎಳೆದಳು. ಕೊನೆಯ ಸಾಲಿನಲ್ಲಿ ಅವಳ ಅವ್ವ ಕುರ್ಚಿಯ ತುದಿಗೆ ಬಂದಳು. ಎರಡು ಸಾಲು ಮುಗಿದಿರಬೇಕು, ಹೊರಗೆ ಕಾರಿನ ಬಾಗಿಲು ಬಡಿದ ಸದ್ದು.

ಉಂಗುರದ ಕೈ ಎದ್ದಿತು. ಅವಳ ಕಮಾನು ಗಾಳಿಯಲ್ಲಿ ನಿಂತಿತು. ಅಷ್ಟು ಚೆಂದ ಕಲಿಸಿದ್ದರು ನಮಗೆ.

ನಮ್ಮನ್ನು ಪರದೆಯ ಹಿಂದಕ್ಕೆ ದಬ್ಬಿ ವೇದಿಕೆಗೆ ಸೋಫಾ ತಂದರು. ಸಾಹೇಬರು ಮುಕ್ಕಾಲು ತಾಸು ಭಾಷಣ ಮಾಡಿದರು. ವಿಷಯ: ಎಳೆಯ ಪ್ರತಿಭೆಗಳಿಗೆ ವೇದಿಕೆ ಸಿಗಬೇಕು. ಎಳೆಯ ಪ್ರತಿಭೆಗಳಾದ ನಾವು ಪರದೆಯ ಹಿಂದೆ ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ಚುಚ್ಚಿಕೊಂಡು ಅದನ್ನು ಕೇಳಿದೆವು.

ಭಾಷಣ ಮುಗಿಯುತ್ತಲೇ ನಾನು ಸಂಯೋಜಕನಿಗೆ ಅಡ್ಡ ನಿಂತೆ. "ಸರ್, ಎರಡೇ ನಿಮಿಷ ಕೊಡ್ರಿ. ಆಕಿ ಪಿಟೀಲು ಉಳದೈತಿ."

"ಟೈಮ್ ಎಲ್ಲೈತಪಾ? ಸಾಹೇಬ್ರು ಊಟಕ್ಕ ಹೊಂಟಾರ."

"ಒಂದೂವರೆ ತಾಸು ನಾವು ನಿಮ್ಮ ಟೈಮ್ ತುಂಬಿಸಿದ್ವಲ್ರಿ!"

"ಏ ಹುಡುಗಾ, ದಿಮಾಕ್ ಮಾಡಬ್ಯಾಡ. ನಿಮಗೂ ಉಪ್ಪಿಟ್ಟು ಐತಿ, ತಿಂದು ಹೋಗ್ರಿ."

ಆ ಉಪ್ಪಿಟ್ಟನ್ನು ಗೋಡೆಗೆ ಎಸೆದಿದ್ದರೆ ಗೋಡೆ ಬೀಳುತ್ತಿತ್ತು, ಅಷ್ಟು ಗಟ್ಟಿ. ನಾನು ತಿನ್ನದೆ ಅವನ ಉಂಗುರ, ಅವನ ವಾಚು, ಅವನ ಏಳು ತಲೆಮಾರು, ಎಲ್ಲವನ್ನೂ ಬೈಯುತ್ತ ತಿರುಗಿದೆ. ಹುಡುಗಿ ಪಿಟೀಲಿನ ಪೆಟ್ಟಿಗೆಯ ಕೊಂಡಿ ಹಾಕುತ್ತಿದ್ದಳು.

"ಬಾಯಿ ಮುಚ್ಚಲೇ," ಎಂದಳು. "ಅವನೊಬ್ಬಂದೇ ತಪ್ಪೇನು? ನಿನಗ ಎಷ್ಟು ಸುತ್ತು ಹೇಳಿದ್ರು?"

"ಎಂಟು."

"ಎಷ್ಟು ಹೊಡದಿ?"

"ಒಂದೆರಡು ಹೆಚ್ಚಿರಬೇಕು. ಜನ ಸೀಟಿ ಹೊಡ್ಯಾಕತ್ತಿದ್ರಲ್ಲ."

"ಹತ್ತೊಂಬತ್ತು. ಕಮಾನು ಹಿಡ್ಕೊಂಡು ನಾ ಎಣಸಾಕತ್ತಿದ್ದೆ."

ಬೆರಳು ಮಡಚಿ ಲೆಕ್ಕ ಹಾಕಿದೆ, ಹನ್ನೊಂದು ಹೆಚ್ಚು. ಸಂಯೋಜಕ ಕದ್ದದ್ದು ಅವಳ ಎರಡು ನಿಮಿಷ. ಆ ಎರಡು ನಿಮಿಷವನ್ನು ಅವನ ಕೈಗೆ ಸಿಗುವಲ್ಲಿ ಇಟ್ಟುಕೊಟ್ಟವನು ನಾನು. ಸಿಟ್ಟು ಇಳಿಯಲಿಲ್ಲ, ದುಪ್ಪಟ್ಟಾಯಿತು. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

ಬಸ್ ಸ್ಟ್ಯಾಂಡಿನಲ್ಲಿ ಅವಳ ಅವ್ವ ಶಹಾಪುರದ ಬಸ್ಸಿಗೆ ಕಾಯುತ್ತಿದ್ದಳು. ಮುಖ ನೋಡಿದರೆ ಹತ್ತಿಯ ಹೊಲ ಕಾಣುತ್ತಿತ್ತು. ನಾನು ಡೋಲಕ್ ಕೆಳಗಿಟ್ಟೆ.

"ಯವ್ವಾ, ನಂದೂ ತಪ್ಪೈತಿ. ಎಂಟರ ಬದಲಿ ಹತ್ತೊಂಬತ್ತು ಸುತ್ತು ಬಾರಿಸಿ ಇಕಿ ಹೊತ್ತು ತಿಂದೀನಿ. ಇಲ್ಲೇ ಒಮ್ಮಿ ಕೇಳ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಏನೂ ಬಾರಿಸಬ್ಯಾಡ, ತಮ್ಮಾ." ಮಗಳ ಕಡೆ ತಿರುಗಿ, "ಹೂಂ, ನುಡಸು," ಎಂದಳು.

ಶೇಂಗಾ ಮಾರುವವನ ಬುಟ್ಟಿಯ ಪಕ್ಕ ನಿಂತು ಅವಳು ಮೊದಲಿನಿಂದ ಶುರು ಮಾಡಿದಳು. ಅರ್ಧಕ್ಕೆ ಬಂದಾಗ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಶಹಾಪೂರ, ಶಹಾಪೂರ! ಏ ತಂಗಿ, ಸಾಕು, ಹತ್ತು!" ಎಂದು ಕೈ ಎತ್ತಿದ.

ಕೈ ಎದ್ದದ್ದನ್ನು ಅವಳೂ ನೋಡಿದಳು. ಕಮಾನು ತಡವರಿಸಿತು.

"ನಿಲ್ಲಿಸಬ್ಯಾಡ," ಎಂದಳು ಅವ್ವ, ಬಸ್ಸಿನ ಕಡೆ ನೋಡದೆಯೇ.

ಬಸ್ಸು ಹೋಯಿತು. ನಮ್ಮ ಉಸ್ತಾದರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಶೇಂಗಾದವನು ಗಿರಾಕಿಯೊಬ್ಬನಿಗೆ ಸುಮ್ಮನಿರೆಂದು ಬೆರಳು ತೋರಿಸಿದ. ಕೊನೆಯ ಸ್ವರ ಮುಗಿದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಮುಂದಿನ ಬಸ್ ಎಷ್ಟೊತ್ತಿಗೈತಿ?" ಎಂದು ಕೇಳಿದಳು. ಆಮೇಲೆ ನನಗೆ ಹೇಳಿದಳು: "ಐತವಾರ ಬರ್ತಾಳ. ನೀ ಮಾತ್ರ ಎಂಟಂದ್ರ ಎಂಟ."

ಹುಡುಗಿ ಭಾನುವಾರ ಬಂದಳು. ನನ್ನ ಪಕ್ಕದಿಂದ ಕುರ್ಚಿ ಎಳೆದುಕೊಂಡು ಆಚೆ ಕೂತಳು. ಡೋಲಕ್ ಶುರುವಾದಾಗಲೆಲ್ಲ ಅವಳ ತುಟಿ ಅಲ್ಲಾಡುತ್ತದೆ. ಈಗಲೂ ಎಣಿಸುತ್ತಾಳೆ.